ಹೊಗೆ ಬೇರೆ, ಉಗಿ ಬೇರೆ

ಮೊದಲ ದಿನ: ಜಾತ್ರೆಯ ರೈಲು

ಎಂಟು ವರ್ಷದ ಮೊಮ್ಮಗ ಕ್ಯಾಲಿಫೋರ್ನಿಯಾದಿಂದ ಬಂದು ಎರಡು ದಿನವಾಗಿತ್ತು. ಹಗಲೆಲ್ಲ ಮಲಗುತ್ತಿದ್ದ, ನಡುರಾತ್ರಿ ಎದ್ದು ಹಸಿವು ಎನ್ನುತ್ತಿದ್ದ. ಅವನ ಗಡಿಯಾರವನ್ನು ಕಲಬುರಗಿಗೆ ತಿರುಗಿಸಲು ಶರಣಬಸವೇಶ್ವರ ಜಾತ್ರೆಗಿಂತ ಒಳ್ಳೆಯ ಔಷಧ ನನಗೆ ಹೊಳೆಯಲಿಲ್ಲ. ಸಂಜೆ ಬಿಸಿಲಿನ ಝಳ ಇಳಿದ ಮೇಲೆ ನಾನು, ಮಗಳು, ಅವನು ಮೂವರೂ ಆಟೋ ಹತ್ತಿದೆವು.

ತೇರು ಎಳೆದು ನಾಲ್ಕು ದಿನ ಕಳೆದಿತ್ತು. ಉತ್ತತ್ತಿ, ಬಾಳೆಹಣ್ಣು ತೂರಿಬರುವ ತೇರಿನ ದಿನ ಅಲ್ಲಿ ಕಾಲೂರಲು ಜಾಗ ಸಿಗುವುದಿಲ್ಲ. ನನ್ನ ಮಟ್ಟಿಗೆ ಜಾತ್ರೆ ಶುರುವಾಗುವುದೇ ಅದಾದ ಮೇಲೆ. ಬಳೆಯಂಗಡಿ, ಬೆಂಡು ಬತ್ತಾಸು, ಚುರುಮುರಿಯ ಗುಡ್ಡೆ, ಮಿರ್ಚಿ ಭಜಿಯ ಬಾಣಲೆ, ಇವುಗಳ ನಡುವೆ ಯಾವ ಅವಸರವೂ ಇಲ್ಲದೆ ಅಡ್ಡಾಡಬಹುದು. ಮೊಮ್ಮಗನಿಗೆ ಇದಾವುದೂ ಕಾಣಲಿಲ್ಲ. ಅವನ ಕಣ್ಣು ದೂರದಿಂದಲೇ ಒಂದು ಚಿಮಣಿಯನ್ನು ಹಿಡಿದಿತ್ತು.

ಜೈಂಟ್ ವೀಲಿನ ಪಕ್ಕ, ನೆಲದ ಮೇಲೆ ಹಲಗೆ ಹಾಸಿ ಅದರ ಮೇಲೆ ಹಳಿ ಕೂಡಿಸಿದ ಒಂದು ರೈಲು. ಬೋಗಿಗಳು ನಾಲ್ಕು, ಮೈಮೇಲೆಲ್ಲ ನವಿಲು, ಕಮಲ, ತಾಜಮಹಲು. ಇಂಜಿನ್ನಿನ ಮೂತಿ ಕಪ್ಪು ಬಳಿದ ತಗಡಿನ ಡ್ರಮ್ಮು. ಎಣ್ಣೆಯ ಡಬ್ಬಿ ಕತ್ತರಿಸಿ ಮಾಡಿದ ಚಿಮಣಿ. ಜನರೇಟರಿನಿಂದ ಬಂದ ವೈರು ಹಲಗೆಯ ಅಡಿಗೆ ನುಸುಳಿತ್ತು. ಅಂದರೆ ಓಡಿಸುವುದು ಕರೆಂಟು. ಆದರೆ ಚಿಮಣಿಯಿಂದ ನಿಜವಾಗಿಯೂ ಬೆಳ್ಳಗೆ, ಸುರುಳಿ ಸುರುಳಿಯಾಗಿ ಹೊಗೆ ಏಳುತ್ತಿತ್ತು. ಹತ್ತಿರ ಹೋದಾಗ ಅದೇನೆಂದು ಮೂಗಿಗೆ ತಿಳಿಯಿತು. ಲೋಭಾನ! ಬಂದೇನವಾಜ್ ದರ್ಗಾದ ಓಣಿಯಲ್ಲಿ ಹಾದುಹೋದವರಿಗೆ ಆ ವಾಸನೆಯನ್ನು ಬಿಡಿಸಿ ಹೇಳಬೇಕಿಲ್ಲ. ಚಿಮಣಿಯೊಳಗೆ ಒಂದು ಪುಟ್ಟ ಮಣ್ಣಿನ ಕುಡಿಕೆ, ಅದರಲ್ಲಿ ನಾಲ್ಕು ಕೆಂಡ. ರೈಲು ಎದುರು ಬಂದಾಗಲೆಲ್ಲ ಓಡಿಸುವ ಹುಡುಗ ಒಂದು ಚಿಟಿಕೆ ಪುಡಿ ಉದುರಿಸುತ್ತಿದ್ದ.

ಮೊಮ್ಮಗ ಐದು ಸುತ್ತು ಹೊಡೆದು ಇಳಿದ. ಮುಖದಲ್ಲಿ ಪರೀಕ್ಷಕನ ಗಾಂಭೀರ್ಯ.

"ಅಜ್ಜಾ, ಇದು ಉಗಿಬಂಡಿ ಅಲ್ಲ."

ಓಡಿಸುವ ಹುಡುಗನಿಗೆ ಅದು ಕೇಳಿಸಿತು. "ಯಾಕೆ ಅಲ್ಲ, ತಮ್ಮಾ? ಹೊಗೆ ಬರುತ್ತಿದೆಯಲ್ಲ?"

"ಹೊಗೆ ಬೇರೆ, ಉಗಿ ಬೇರೆ," ಎಂದ ನಮ್ಮವನು. ವಾರಕ್ಕೊಮ್ಮೆ ಅಲ್ಲಿನ ಕನ್ನಡ ಶಾಲೆಗೆ ಹೋಗುತ್ತಾನೆ. ಮಾತನಾಡುವುದು ಕಡಿಮೆ, ಆಡಿದರೆ ಗೆರೆ ಎಳೆದ ಹಾಗೆ. ಮೂವತ್ತೈದು ವರ್ಷ ಗಣಿತ ಕಲಿಸಿದ ನನಗೆ ಹೆಮ್ಮೆಯಾಯಿತು ಎಂದು ಒಪ್ಪಿಕೊಂಡರೆ ತಪ್ಪಿಲ್ಲ.

ರೈಲಿನ ಹುಡುಗ ಬೇಜಾರು ಮಾಡಿಕೊಳ್ಳಲಿಲ್ಲ. ಯಾದಗಿರಿ ಕಡೆಯವನಂತೆ. ಸಂಕ್ರಾಂತಿಗೆ ಮೈಲಾಪುರ, ಆಮೇಲೆ ಹುಮನಾಬಾದು, ಈಗ ಇಲ್ಲಿ. ಹಳಿಗಳನ್ನು ಬಿಚ್ಚಿ ಲಾರಿಗೆ ಹೇರಿಕೊಂಡು ಜಾತ್ರೆಯಿಂದ ಜಾತ್ರೆಗೆ ಹೋಗುತ್ತಾನೆ. ಹಳಿಯನ್ನೇ ಹೊತ್ತು ತಿರುಗುವ ರೈಲು! "ಹೊಗೆ ಇಲ್ಲದಿದ್ದರೆ ಮಕ್ಕಳು ಹತ್ತುವುದಿಲ್ಲ ಸಾರ್. ಮೊದಲು ಊದುಬತ್ತಿ ಹಚ್ಚುತ್ತಿದ್ದೆ, ಸಾಲಲಿಲ್ಲ," ಎಂದ.

ಭಜಿ ಅಂಗಡಿಯ ಮುಂದೆ ಮೊಮ್ಮಗ ಇನ್ನೊಂದು ಸುದ್ದಿ ಒಡೆದ. ಅವನ ಊರಿನ ಹತ್ತಿರದ ಪಾರ್ಕಿನಲ್ಲಿ ನಿಜವಾದ ಉಗಿಯ ರೈಲು ಇದೆ, ಅದರ ಬೆಂಕಿಗೆ ಹಾಕುವುದು ಕರಿದ ಎಣ್ಣೆಯಿಂದ ಮಾಡಿದ ಇಂಧನ. ಅಂಗಡಿಯವರು ಜಾರೆಯಲ್ಲಿ ಭಜಿ ಎತ್ತುತ್ತ ತಮ್ಮ ಬಾಣಲೆಯ ಕಡುಗಪ್ಪು ಎಣ್ಣೆಯನ್ನು ಒಮ್ಮೆ ನೋಡಿಕೊಂಡರು. "ಹಾಗಾದರೆ ಇದಕ್ಕೆ ವಿಮಾನವೇ ಹಾರುತ್ತದೆ ಬಿಡಪ್ಪಾ," ಎಂದರು.

ಎರಡನೆಯ ದಿನ: ಕುಕ್ಕರು ಮತ್ತು ಊದುಗೊಳವೆ

ಹೊರಗೆ ಕಾಲಿಡುವ ಹಾಗಿರಲಿಲ್ಲ, ಅಂಥ ಬಿಸಿಲು. ಮಧ್ಯಾಹ್ನ ಮಾಲ್ಪುರಿ ತಿಂದು ನಾಲ್ಕು ಗೋಡೆಯೊಳಗೆ ಬಿದ್ದುಕೊಂಡೆವು. ಪ್ರವಾಸ ಕಥನದಲ್ಲಿ ಈ ದಿನಕ್ಕೆ ಜಾಗವೇ ಇರಬಾರದು. ಆದರೆ ಮುಂದಿನ ಮೂರು ದಿನಗಳ ದಾರಿ ಹುಟ್ಟಿಕೊಂಡದ್ದು ನಮ್ಮ ಪಡಸಾಲೆಯಲ್ಲಿ.

ಭಜಿಯ ಎಣ್ಣೆಯ ಮಾತು ಸುಳ್ಳಲ್ಲ. ಎರಡು ವರ್ಷದ ಹಿಂದೆ ನಾನೂ ನನ್ನ ಹೆಂಡತಿಯೂ ಮಗಳ ಮನೆಗೆ ಹೋಗಿದ್ದಾಗ ಅನಾಹೈಮ್ ಎಂಬ ಊರಿನಲ್ಲಿರುವ ಡಿಸ್ನಿಲ್ಯಾಂಡಿಗೆ ಕರೆದೊಯ್ದಿದ್ದರು. ಅಲ್ಲಿನ ಉಳಿದ ಆಟಗಳು ನನ್ನ ವಯಸ್ಸಿನ ಹೊಟ್ಟೆಗೆ ಹೇಳಿದವಲ್ಲ. ರೈಲು ಮಾತ್ರ ಬೇರೆ. ಪಾರ್ಕು ತೆರೆದದ್ದು 1955ರ ಜುಲೈ 17ರಂದು, ರೈಲು ಅಂದಿನಿಂದಲೇ ಓಡುತ್ತಿದೆ. ವಾಲ್ಟ್ ಡಿಸ್ನಿಗೆ ರೈಲಿನ ಹುಚ್ಚು. ಹುಡುಗನಾಗಿದ್ದಾಗ ರೈಲಿನಲ್ಲಿ ಪತ್ರಿಕೆ, ಮಿಠಾಯಿ ಮಾರಿದವನು. ಕೈಯಲ್ಲಿ ದುಡ್ಡಾಡಿದ ಮೇಲೆ ಮನೆಯ ಹಿತ್ತಲಿನಲ್ಲೇ ಏರಿ ಕೂರುವಂಥ ಪುಟ್ಟ ಉಗಿಬಂಡಿ ಹಾಕಿಸಿಕೊಂಡವನು. ಹಿತ್ತಲು ಸಾಲದೆ ಪಾರ್ಕು ಕಟ್ಟಿದ ಎಂದು ನಗೆಯಾಡುವವರೂ ಇರಬೇಕು.

ಹಳಿಗಳ ಅಂತರ ಮೂರು ಅಡಿ. ನಮ್ಮ ಬ್ರಾಡ್‌ಗೇಜಿನದು ಐದೂವರೆ ಅಡಿ. ಹಾಗಾಗಿ ನೋಡಿದ ಕೂಡಲೇ ನನಗದು ದೊಡ್ಡ ರೈಲಿನ ಮರಿಯಂತೆ ಕಂಡಿತು. ಅಲ್ಲಿರುವ ಐದು ಇಂಜಿನ್ನುಗಳಲ್ಲಿ ನಮ್ಮ ಪಾಲಿಗೆ ಬಂದದ್ದು ಫ್ರೆಡ್ ಗರ್ಲಿ ಎಂಬ ಹೆಸರಿನದು. 1894ರಲ್ಲಿ ಬಾಲ್ಡ್‌ವಿನ್ ಕಾರ್ಖಾನೆಯಲ್ಲಿ ತಯಾರಾಗಿ, ಲೂಯಿಸಿಯಾನಾದಲ್ಲಿ ಕಬ್ಬು ಎಳೆದು, ಆಮೇಲೆ ಪಾರ್ಕಿಗೆ ಬಂದದ್ದು. ಆಳಂದದ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಆಯುಷ್ಯ ಸವೆಸಿದ ನನಗೆ ಅದರ ಮೇಲೆ ತಟ್ಟನೆ ಬಳಗದ ಅಭಿಮಾನ ಬಂತು.

ಹೊರಟಿತು. ನಾನು ಕಿವಿ ಮುಚ್ಚಿಕೊಂಡೆನೋ ತೆರೆದೆನೋ ನೆನಪಿಲ್ಲ. ಛುಕ್, ಛುಕ್, ಛುಕ್, ಛುಕ್. ಚಕ್ರದ ಒಂದು ಸುತ್ತಿಗೆ ನಾಲ್ಕು. ಆ ಲೆಕ್ಕವನ್ನು ಆರು ವರ್ಷದವನಿದ್ದಾಗ ಅಪ್ಪ ಹೇಳಿಕೊಟ್ಟಿದ್ದರು, ಮತ್ತು ಅದು ಇಲ್ಲಿಯೂ ತಪ್ಪಿರಲಿಲ್ಲ. ಆದರೆ ಫೈರಮನ್ನನ ಕೈಯಲ್ಲಿ ಕಲ್ಲಿದ್ದಲು ಎತ್ತಿ ಹಾಕುವ ಬೆಲ್ಚಾ ಇರಲಿಲ್ಲ. ಅವನು ಒಂದು ತಿರುಪು ತಿರುಗಿಸುತ್ತಿದ್ದ. ಅಂಗಿಯ ಮೇಲೆ ಮಸಿಯ ಒಂದು ಚುಕ್ಕೆ ಇಲ್ಲ. ಪಾರ್ಕಿನ ಅಡುಗೆಮನೆಗಳಲ್ಲಿ ಕರಿದು ಉಳಿದ ಎಣ್ಣೆಯಿಂದ ಮಾಡಿದ ಬಯೋಡೀಸೆಲ್ ಉರಿಸುತ್ತಾರೆ ಎಂದು ಅಳಿಯ ವಿವರಿಸಿದರು. ನನ್ನ ಕಣ್ಣು ತುಂಬಿದ್ದವು. ಹೊಗೆ ಹೋಯಿತು ಎಂದು ನೆವ ಹೇಳೋಣವೆಂದರೆ ಅಲ್ಲಿ ಹೊಗೆಯೇ ಇರಲಿಲ್ಲ.

ಸುಮಾರು ಎರಡು ಕಿಲೋಮೀಟರಿನ ಹಾದಿ, ನಾಲ್ಕು ನಿಲ್ದಾಣ, ಇಡೀ ಪಾರ್ಕಿಗೆ ಒಂದು ಸುತ್ತು. ನ್ಯೂ ಆರ್ಲಿಯನ್ಸ್ ಸ್ಕ್ವೇರ್ ಎಂಬ ನಿಲ್ದಾಣದಲ್ಲಿ ತಂತಿ ಯಂತ್ರ ತನ್ನಷ್ಟಕ್ಕೆ ಕಟಕಟ ಎನ್ನುತ್ತಿರುತ್ತದೆ. ಪಾರ್ಕು ತೆರೆದ ದಿನ ಡಿಸ್ನಿ ಆಡಿದ ಮಾತನ್ನು ಹಳೆಯ ತಂತಿ ಸಂಕೇತದಲ್ಲಿ ಬಡಿಯುವಂಥದ್ದು. ಅಲ್ಲಿಯೇ ಇಂಜಿನ್ ನೀರು ಹಿಡಿಯುತ್ತದೆ. ಕೊನೆಗೆ ಒಂದು ಸುರಂಗ. ಕತ್ತಲೆಯಲ್ಲಿ ಮೊದಲು ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯ ಚಿತ್ರ, ಅದು ಮುಗಿಯುತ್ತಲೇ ಕತ್ತು ಆಡಿಸುವ ಡೈನೋಸಾರ್‌ಗಳು. ಮತ್ತೆ ಹತ್ತಿದ ಜಾಗಕ್ಕೇ ಬಂದು ಇಳಿದೆವು.

ಇದನ್ನೆಲ್ಲ ನಾನೂ ಮೊಮ್ಮಗನೂ ಸರದಿಯ ಮೇಲೆ ಹೇಳುತ್ತಿದ್ದರೆ ಮಂಚದ ಮೇಲೆ ಕೂತಿದ್ದ ಅವ್ವ ಕೇಳಿಸಿಕೊಳ್ಳುತ್ತಿದ್ದಳು. ಎಂಬತ್ತೇಳು ದಾಟಿದವಳು. ಕಿವಿ ಮಂದ, ಆದರೆ ಬೇಕಾದದ್ದು ಕೇಳುತ್ತದೆ.

"ಹತ್ತಿದ ಜಾಗಕ್ಕೇ ಬರುವುದಾದರೆ ಅದು ಪ್ರಯಾಣವಲ್ಲ, ಪ್ರದಕ್ಷಿಣೆ," ಎಂದಳು. "ಅಲ್ಲಿ ದೇವರು ಯಾರು?"

"ಇಲಿ," ಎಂದ ಮೊಮ್ಮಗ.

ಅವ್ವ ಸ್ವಲ್ಪ ಹೊತ್ತು ಯೋಚಿಸಿ, "ಇರಲಿ, ಗಣಪತಿಗೆ ಸಲ್ಲುತ್ತದೆ," ಎಂದು ತೀರ್ಪು ಕೊಟ್ಟಳು.

ಛುಕ್ ಛುಕ್ ಸದ್ದು ಎಲ್ಲಿಂದ ಬರುತ್ತದೆ ಎಂಬುದು ಹುಡುಗನ ಮುಂದಿನ ಪ್ರಶ್ನೆ. ನಾನು ಅಡುಗೆಮನೆಯ ಕುಕ್ಕರನ್ನು ತೋರಿಸಿ ಪಾಠ ಶುರು ಮಾಡಿದೆ. ನೀರು ಕುದಿದು ಉಗಿಯಾಗುತ್ತದೆ, ಮುಚ್ಚಿಟ್ಟ ಉಗಿ ಒತ್ತಡವಾಗುತ್ತದೆ, ಒತ್ತಡ ಸಿಲಿಂಡರಿನ ಪಿಸ್ಟನ್ ಎಂಬ ದಟ್ಟೆಯನ್ನು ಹಿಂದಕ್ಕೂ ಮುಂದಕ್ಕೂ ತಳ್ಳುತ್ತದೆ, ದಟ್ಟೆ ಚಕ್ರವನ್ನು ತಿರುಗಿಸುತ್ತದೆ. ಎರಡು ಸಿಲಿಂಡರು, ಒಂದೊಂದರಲ್ಲೂ ಎರಡು ತಳ್ಳು, ಒಟ್ಟು ನಾಲ್ಕು. ಕೆಲಸ ಮುಗಿದ ಉಗಿ ಪ್ರತಿ ಸಲ ಚಿಮಣಿಯಿಂದ ಹೊರಗೆ ಹಾರುವ ಸದ್ದೇ ಆ ಛುಕ್. ಹುಡುಗ ತಲೆಯಾಡಿಸಿದ. ಆದರೆ ಒಂದು ಸಂಶಯ ಅವನಿಗೆ ಉಳಿಯಿತು. ಉಗಿಯನ್ನು ಚಿಮಣಿಯಲ್ಲೇ ಏಕೆ ಬಿಡಬೇಕು? ಪಕ್ಕಕ್ಕೆ ಬಿಟ್ಟರೆ ಆಗುವುದಿಲ್ಲವೇ?

ನಾನು ಮಾತು ಹುಡುಕುವಷ್ಟರಲ್ಲಿ ಅವ್ವ ಕೈಯನ್ನು ಬಾಯಿಯ ಹತ್ತಿರ ಕೊಳವೆಯಂತೆ ಮಡಚಿ ಊದಿ ತೋರಿಸಿದಳು. "ಊದುಗೊಳವೆ ಕಣಪ್ಪಾ. ಉಗಿ ಮೇಲಕ್ಕೆ ನುಗ್ಗಿದರೆ ಗಾಳಿ ಒಲೆಯೊಳಕ್ಕೆ ಎಳೆದುಕೊಂಡು ಬರುತ್ತದೆ. ಏರು ಹತ್ತುವಾಗ ಗಾಡಿ ಜೋರಾಗಿ ಉಸಿರು ಬಿಡುತ್ತದೆ, ಆಗ ಬೆಂಕಿಯೂ ಜೋರು. ತನ್ನ ಒಲೆಯನ್ನು ತಾನೇ ಊದಿಕೊಳ್ಳುತ್ತದೆ. ನಿನ್ನ ಮುತ್ತಜ್ಜ ಹೇಳಿದ್ದು."

ಮುತ್ತಜ್ಜ ಎಂದರೆ ನನ್ನ ಅಪ್ಪ. ವಾಡಿಯಲ್ಲಿ ಇಂಜಿನ್ ಒರೆಸುವ ಕ್ಲೀನರ್ ಆಗಿ ಸೇರಿ, ಫೈರಮನ್ನಾಗಿ, ಕೊನೆಗೆ ಗೂಡ್ಸ್ ಗಾಡಿಯ ಡ್ರೈವರಾಗಿ ನಿವೃತ್ತರಾದವರು. ಹುಡುಗ ಎದ್ದು ಕೂತ.

"ವಾಡಿ ಎಲ್ಲಿದೆ?"

ಮೂರನೆಯ ದಿನ: ವಾಡಿ

ಬೆಳಗಿನ ಪ್ಯಾಸೆಂಜರ್ ಗಾಡಿ. ಅವ್ವ ತಾನೂ ಬರುತ್ತೇನೆಂದು ಹಟ ಹಿಡಿದಳು. ನಾಲ್ಕಕ್ಕೇ ಎದ್ದು ರೊಟ್ಟಿ ತಟ್ಟಿಸಿದ್ದಳು. ತಾನು ತಟ್ಟಲಾರದಾಗಿದ್ದರೂ ಹಂಚಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ನನ್ನ ಹೆಂಡತಿಗೆ ತಪ್ಪು ತೋರಿಸುವ ಶಕ್ತಿ ಇನ್ನೂ ಇದೆ. ಬಿಳಿ ಬಟ್ಟೆಯಲ್ಲಿ ಕಟ್ಟಿದ ಗಂಟು ಅವಳ ತೊಡೆಯ ಮೇಲೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ.

ಕಲಬುರಗಿಯಿಂದ ವಾಡಿಗೆ ನಲವತ್ತು ಕಿಲೋಮೀಟರು ಸಹ ಇಲ್ಲ. ಶಹಾಬಾದ್ ಬಂತು. ಹಳಿಯ ಎರಡೂ ಕಡೆ ಬೂದು ಬಣ್ಣದ ಕಲ್ಲುಹಾಸಿನ ರಾಶಿ. ನಮ್ಮ ಕಡೆ ಮನೆಗೆ ನೆಲ ಹಾಸುವುದೆಂದರೆ ಈ ಶಹಾಬಾದ್ ಕಲ್ಲು. ಬೇಸಿಗೆಯಲ್ಲಿ ಅದರ ಮೇಲೆ ನೀರು ಚಿಮುಕಿಸಿ ಬರಿಮೈಯಲ್ಲಿ ಮಲಗುವ ಸುಖ ಮಾರ್ಬಲ್‌ಗೆ ಇಲ್ಲ. ಅಲ್ಲಿಂದ ಮುಂದೆ ಗಿಡದ ಎಲೆಗಳೆಲ್ಲ ಸಿಮೆಂಟಿನ ಬಣ್ಣಕ್ಕೆ ತಿರುಗುತ್ತವೆ. ಅಷ್ಟರಲ್ಲಿ ವಾಡಿ.

ಅಪರಿಚಿತರಿಗೆ ವಾಡಿ ಎಂದರೆ ಗಾಡಿ ಬದಲಿಸುವ ಜಾಗ. 1871ರಲ್ಲಿ ಮುಂಬಯಿಯಿಂದ ಬಂದ ಹಳಿಯೂ ಮದ್ರಾಸಿನಿಂದ ಬಂದ ಹಳಿಯೂ ರಾಯಚೂರಿನಲ್ಲಿ ಕೂಡಿದವು. ಮೂರು ವರ್ಷಗಳ ನಂತರ, 1874ರಲ್ಲಿ, ನಿಜಾಮರ ರೈಲು ವಾಡಿಯಿಂದ ಕವಲೊಡೆದು ಸಿಕಂದರಾಬಾದಿಗೆ ಓಡಿತು. ಅಂದಿನಿಂದ ಈ ಊರಿಗೆ ಮೂರು ದಿಕ್ಕು: ಸೋಲಾಪುರ, ರಾಯಚೂರು, ಸಿಕಂದರಾಬಾದು. ನಾವು ಬೆಳೆದ ಕ್ವಾರ್ಟರ್ಸಿನಲ್ಲಿ ಕನ್ನಡ, ದಖನಿ, ಮರಾಠಿ, ತೆಲುಗು ನಾಲ್ಕೂ ಒಂದೇ ನಲ್ಲಿಯ ಕೆಳಗೆ ಜಗಳವಾಡುತ್ತಿದ್ದವು.

ಮೊಮ್ಮಗನಿಗೆ ಇಲ್ಲಿ ಒಂದಾದರೂ ಕಪ್ಪು ಇಂಜಿನ್ ತೋರಿಸಬಹುದೆಂಬ ಆಸೆ ನನಗಿರಲಿಲ್ಲ. 1970ರಲ್ಲಿ ಚಿತ್ತರಂಜನ್ ಕಾರ್ಖಾನೆ ಬ್ರಾಡ್‌ಗೇಜಿನ ಕೊನೆಯ ಉಗಿ ಇಂಜಿನ್ ತಯಾರಿಸಿ ಅದಕ್ಕೆ ಅಂತಿಮ ಸಿತಾರಾ ಎಂದು ಹೆಸರಿಟ್ಟಿತು. ಆ ಸುದ್ದಿ ಬಂದ ದಿನ ಅಪ್ಪ, "ಇನ್ನು ನಮ್ಮ ಬೆನ್ನಿಗೆ ಪುಣ್ಯ ಬಂತು," ಎಂದಿದ್ದರು. ಆಮೇಲೆ ಊಟ ಸರಿಯಾಗಿ ಮಾಡಲಿಲ್ಲ. 1995ರ ಡಿಸೆಂಬರಿಗೆ ಬ್ರಾಡ್‌ಗೇಜಿನಲ್ಲಿ ಉಗಿಯ ನಿತ್ಯದ ಓಡಾಟ ದೇಶದಲ್ಲೇ ಮುಗಿಯಿತು. ಈಗ ಪ್ಲಾಟ್‌ಫಾರ್ಮಿನ ತಲೆಯ ಮೇಲೆಲ್ಲ ವಿದ್ಯುತ್ ತಂತಿ. ಆದರೂ ಗೋಡೆಯೋ, ಕಟ್ಟೆಯೋ, ಏನಾದರೊಂದು ಗುರುತು ಉಳಿದಿರಬೇಕು ಎಂದುಕೊಂಡಿದ್ದೆ. ಅರ್ಧ ಗಂಟೆ ಸುತ್ತಿದರೂ ನನಗೆ ಒಂದೂ ಸಿಗಲಿಲ್ಲ. ನಾವು ಗೋಲಿ ಆಡಿದ ಬೇವಿನ ಮರ ಇದೇ ಎಂದು ಒಂದನ್ನು ತೋರಿಸಿದೆ. ಅದು ಇಪ್ಪತ್ತು ವರ್ಷದ ಮರವೂ ಆಗಿರಲಿಲ್ಲ. ಮಗಳು ಕರುಣೆಯಿಂದ ಸುಮ್ಮನಿದ್ದಳು.

ಗುರುತು ಹಿಡಿದದ್ದು ಅವ್ವ. ಪ್ಲಾಟ್‌ಫಾರ್ಮಿನ ತುದಿಗೆ ಮೊಮ್ಮಗನ ಹೆಗಲು ಹಿಡಿದು ನಡೆದಳು. ಆಚೆಯ ಹಳಿಗಳನ್ನು ನೋಡಿದಳು, ಎರಡು ಹೆಜ್ಜೆ ಹಿಂದೆ ಬಂದಳು, ಕೋಲಿನಿಂದ ನೆಲ ಕುಟ್ಟಿದಳು.

"ಇಲ್ಲಿ. ನೀರಿನ ಕಂಬ ಇಲ್ಲಿತ್ತು."

ಅಲ್ಲಿದ್ದದ್ದು ಸಿಮೆಂಟಿನ ನೆಲ, ಒಂದು ಕಸದ ಡಬ್ಬಿ.

ನೀರಿನ ಕಂಬವೆಂದರೆ ಎರಡಾಳು ಎತ್ತರದ ಕಬ್ಬಿಣದ ಕೊಳವೆ. ಮೇಲಿನ ತೋಳನ್ನು ತಿರುಗಿಸಿ ಇಂಜಿನ್ನಿನ ಹಿಂದಿನ ಟೆಂಡರ್ ಎಂಬ ತೊಟ್ಟಿಗೆ ನೀರು ಬಿಡುತ್ತಿದ್ದರು. ತೋಳಿನ ತುದಿಯಲ್ಲಿ ಜೋಲುವ ತೊಗಲಿನ ಸೊಂಡಿಲು. ಉಗಿಬಂಡಿಗೆ ಕಲ್ಲಿದ್ದಲಿಗಿಂತ ನೀರಿನ ಹಸಿವು ಹೆಚ್ಚು, ಕುಡಿದ ನೀರನ್ನೆಲ್ಲ ಚಿಮಣಿಯಿಂದ ಆಕಾಶಕ್ಕೆ ಊದಿಬಿಡುತ್ತದೆ. ಹಾಗಾಗಿ ಎಷ್ಟೇ ಅವಸರದ ಗಾಡಿಯಾದರೂ ನೀರಿಗೆ ನಿಲ್ಲಬೇಕು. ಆ ಹತ್ತು ನಿಮಿಷವೇ ಅವ್ವನಿಗೆ ಸಿಗುತ್ತಿದ್ದ ಹೊತ್ತು. ಅಪ್ಪನಿಗೆ ಡ್ಯೂಟಿಗೆ ಹೊತ್ತುಗೊತ್ತಿಲ್ಲ. ಶೆಡ್ಡಿನ ಕಾಲ್‌ಮ್ಯಾನ್ ರಾತ್ರಿ ಎರಡಕ್ಕೂ ಬಂದು ಕಿಟಕಿ ಬಡಿದು ರಿಜಿಸ್ಟರಿಗೆ ಸಹಿ ಹಾಕಿಸಿಕೊಂಡು ಹೋಗುತ್ತಿದ್ದ. ಯಾವ ಗಾಡಿಗೆ, ಯಾವ ದಿಕ್ಕಿಗೆ, ಎಷ್ಟು ದಿನಕ್ಕೆ ಎಂಬುದು ಅಪ್ಪನಿಗೇ ಗೊತ್ತಿರುತ್ತಿರಲಿಲ್ಲ. ಸೋಲಾಪುರದ ಕಡೆಯಿಂದ ಬಂದು ರಾಯಚೂರಿನ ಕಡೆ ಹೋಗುವ ಗಾಡಿಯಲ್ಲಿದ್ದರೆ ಮನೆಯ ಮುಂದೆಯೇ ಹಾಯುವುದು, ಆದರೆ ಇಳಿಯುವಂತಿಲ್ಲ. ಅವ್ವ ಬೇಲಿ ಸಂದಿಯಿಂದ ನುಸುಳಿ ಗಂಟು ಹಿಡಿದು ಬರುತ್ತಿದ್ದಳು. ಕೆಲವು ಸಲ ಓಡುವ ಕೆಲಸ ನನ್ನದು.

ಗಂಟನ್ನು ಮೇಲಿನಿಂದ ಬಗ್ಗಿ ತೆಗೆದುಕೊಳ್ಳುವ ಕೈ ನನಗೆ ಈಗಲೂ ಕಾಣುತ್ತದೆ. ಉಗುರಿನ ಸುತ್ತ ಕಪ್ಪು ಗೆರೆ. ಎಷ್ಟು ತೊಳೆದರೂ ಹೋಗದ ಸಿಂಗರೇಣಿ ಕಲ್ಲಿದ್ದಲು. ಒಲೆಯ ಬಾಯಿಯ ಮೇಲೆ, ಬಾಯ್ಲರಿನ ಮೈಗೆ ಅಂಟಿದಂತೆ ಒಂದು ಕಬ್ಬಿಣದ ಗೂಡು ಇರುತ್ತಿತ್ತು. ಚಹಾದ ಕೆಟಲು, ಎಣ್ಣೆ ಡಬ್ಬಿ ಬೆಚ್ಚಗಿಡುವ ಜಾಗ. ಅಪ್ಪ ರೊಟ್ಟಿ ಗಂಟನ್ನು ಅಲ್ಲಿಡುತ್ತಿದ್ದರು. ಬೆಳಿಗ್ಗೆ ಮೆತ್ತಗೆ ಮಡಚಿ ಕೊಟ್ಟ ರೊಟ್ಟಿ ರಾಯಚೂರು ಮುಟ್ಟುವ ಹೊತ್ತಿಗೆ ಖಡಕ್ ರೊಟ್ಟಿ! ತಿಂದು ಉಳಿದದ್ದನ್ನು ಮನೆಗೆ ತರುವರು, ನಾವು ಮೂವರು ಮಕ್ಕಳು ಅದಕ್ಕೆ ಕಿತ್ತಾಡುವೆವು. ಇಂಜಿನ್ ರೊಟ್ಟಿ ಎಂದೇ ಅದರ ಹೆಸರು. ಮುರಿದರೆ ಚಟ್ ಎನ್ನುತ್ತಿತ್ತು, ನಾಲಿಗೆಯ ತುದಿಯಲ್ಲಿ ಸಣ್ಣಗೆ ಮಸಿಯ ರುಚಿ. ಅಂಥ ರೊಟ್ಟಿಯನ್ನು ಆಮೇಲೆ ನಾನು ಎಲ್ಲಿಯೂ ತಿಂದಿಲ್ಲ. ಅವ್ವನನ್ನು ಕೇಳಿದರೆ, ನಿಮಗೆ ಮಸಿಯೇ ರುಚಿ, ಅರಿವೆ ಒಗೆದವಳು ನಾನು ಎನ್ನುತ್ತಾಳೆ.

"ನೀವು ಇಂಜಿನ್ ಹತ್ತಿದ್ದಿರಾ?" ಎಂದು ಮೊಮ್ಮಗ ಅವ್ವನನ್ನು ಕೇಳಿದ.

"ಹೆಂಗಸರನ್ನು ಯಾರು ಹತ್ತಿಸುತ್ತಾರಪ್ಪಾ? ಗಂಟು ಕೊಡುವಷ್ಟೇ."

ಅದೇ ಕಸದ ಡಬ್ಬಿಯ ಪಕ್ಕದ ಬೆಂಚಿನ ಮೇಲೆ ಕೂತು ಊಟ ಮುಗಿಸಿದೆವು. ಸಿಮೆಂಟು ಹೇರಿದ ಗೂಡ್ಸ್ ಗಾಡಿಯೊಂದು ನಿಲ್ಲದೆ ಹಾದುಹೋಯಿತು. ಹುಡುಗ ಬೋಗಿ ಎಣಿಸಿದ. ಅವ್ವ ತಲೆ ಎತ್ತಲಿಲ್ಲ.

ನಾಲ್ಕನೆಯ ದಿನ: ಬೀದರ್

ಬೆಳಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ರೈಲಿನಲ್ಲಿ ಮರಳುವುದೆಂದು ತೀರ್ಮಾನ. ಅವ್ವ ಮನೆಯಲ್ಲೇ ಉಳಿದಳು. ಕೋಟೆ, ರಂಗೀನ್ ಮಹಲ್, 1472ರ ಮಹಮೂದ್ ಗವಾನ್ ಮದರಸಾ, ಎಲ್ಲವನ್ನೂ ನೋಡಿದೆವು. ಬೀದರಿಗೆ ಹೋದವರು ಈ ಬಗ್ಗೆ 1 ಪುಟ ಬರೆಯದೆ ಬಿಡುವುದಿಲ್ಲ. ನಾನು ಬಿಡುತ್ತೇನೆ, ಏಕೆಂದರೆ ನಮ್ಮ ಜೊತೆಗಿದ್ದವನಿಗೆ ಅಲ್ಲಿ ಹಿಡಿಸಿದ್ದು ಕೋಟೆಯ ಮಣ್ಣು.

ಅದಕ್ಕೆ ಕಾರಣ ಬಿದರಿ ಅಂಗಡಿ. ಒಳಗೆ ಒಬ್ಬ ಹಿರಿಯರು ಹೂಜಿಯೊಂದಕ್ಕೆ ಬೆಳ್ಳಿಯ ತಂತಿ ಕೂರಿಸುತ್ತಿದ್ದರು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆ, ಅದರ ಮೈಯಲ್ಲಿ ಉಳಿಯಿಂದ ಗೀರಿದ ಬಳ್ಳಿ, ಗೀರಿನೊಳಗೆ ಕೂದಲೆಳೆಯಂಥ ಬೆಳ್ಳಿ. ಪ್ರತಿ ಬೆರಳುದ್ದಕ್ಕೆ ಸುತ್ತಿಗೆಯ ಒಂದು ಮೆಲ್ಲನೆಯ ಪೆಟ್ಟು. ಅಲ್ಲಿಯ ತನಕ ಪಾತ್ರೆ ಮಾಸಲು ಬೂದಿ ಬಣ್ಣ. ಕೊನೆಗೆ ಕೋಟೆಯ ಹಳೆಯ ಗೋಡೆಗಳ ಒಳಗಿನ, ಬಿಸಿಲು ಮಳೆ ಕಾಣದ ಮಣ್ಣಿಗೆ ನವಸಾಗರ ಕಲಸಿ, ಬಿಸಿ ಮಾಡಿದ ಪಾತ್ರೆಗೆ ಉಜ್ಜುತ್ತಾರೆ. ಸತು ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಜಪ್ಪಯ್ಯ ಎಂದರೂ ಕಪ್ಪಾಗುವುದಿಲ್ಲ. ಆ ಹಿರಿಯರು ಮಣ್ಣನ್ನು ನಾಲಿಗೆಗೆ ಮುಟ್ಟಿಸಿ ನೋಡಿ ಆರಿಸುತ್ತಾರಂತೆ.

"ಇದು ಇಂಜಿನ್ ಬಣ್ಣ," ಎಂದ ಮೊಮ್ಮಗ. "ನನಗೆ ಬಿದರಿ ಇಂಜಿನ್ ಬೇಕು."

ಆನೆ ಇತ್ತು, ನವಿಲು ಇತ್ತು, ಹುಕ್ಕಾದ ಬುಡ ಇತ್ತು. ಇಂಜಿನ್ ಇರಲಿಲ್ಲ. "ನೂರಾರು ವರ್ಷದಿಂದ ಯಾರೂ ಕೇಳಿಲ್ಲ, ಬೇಟಾ," ಎಂದು ನಕ್ಕರು. ಅವನು ಒಂದು ಗುಂಡಗಿನ ಡಬ್ಬಿ ಆರಿಸಿಕೊಂಡು, ಅದು ಬಾಯ್ಲರು ಎಂದು ಘೋಷಿಸಿದ. ಬೆಲೆ ಕೇಳಿದಾಗ ನನ್ನ ಬಾಯ್ಲರೂ ಸ್ವಲ್ಪ ಬಿಸಿಯಾಯಿತು.

ಸಂಜೆಯ ರೈಲು. ಬೀದರಿನಿಂದ ಕಲಬುರಗಿಗೆ ನೇರ ಹಳಿ ಬೇಕೆಂದು ಕೇಳುತ್ತ ಕೇಳುತ್ತ ನಮ್ಮ ತಲೆ ಹಣ್ಣಾಯಿತು. ಗಾಡಿ ಓಡಿದ್ದು 2017ರ ಅಕ್ಟೋಬರ್ 29ರಂದು. ನೂರಹತ್ತು ಕಿಲೋಮೀಟರಿನ ಹಾದಿ. ಹುಮನಾಬಾದ್ ಬಿಟ್ಟ ಮೇಲೆ ನೆಲ ಕೆಂಪಾಗುತ್ತ, ಗುಡ್ಡಗಳು ಹತ್ತಿರವಾಗುತ್ತ ಬಂದವು. ಮರಗುತ್ತಿಯ ಬಳಿ ಸುರಂಗವಿದೆ ಎಂದು ನಾನು ಹೇಳಬೇಕೆನ್ನುವಷ್ಟರಲ್ಲಿ ಗಾಡಿ ಅದರೊಳಗೆ ನುಗ್ಗಿತು. ಬೋಗಿಯ ಮಕ್ಕಳೆಲ್ಲ ಹೋ ಎಂದು ಕೂಗಿದರು. ಕೂಗದವನು ನಮ್ಮವನೊಬ್ಬನೇ, ಕಿಟಕಿಯ ಸರಳಿಗೆ ಮುಖ ಒತ್ತಿ ಕತ್ತಲೆಯನ್ನೇ ದಿಟ್ಟಿಸುತ್ತಿದ್ದ.

"ಏನು ನೋಡುತ್ತಿದ್ದೀ?"

"ಡೈನೋಸಾರ್."

ಒಂದೂವರೆ ಕಿಲೋಮೀಟರಿಗೂ ಉದ್ದದ ಸುರಂಗ. ಒಂದು ಡೈನೋಸಾರೂ ಬರಲಿಲ್ಲ. ಹೊರಬಂದಾಗ ಕಣ್ಣು ಕುಕ್ಕುವ ಬೆಳಕು, ಕೆಮ್ಮಣ್ಣು, ಮುತ್ತುಗದ ಗಿಡಗಳು. ಕಮಲಾಪುರದಲ್ಲಿ ಹತ್ತಿದ ಹೆಂಗಸೊಬ್ಬಳು ಬುಟ್ಟಿ ಇಳಿಸಿ ನಮ್ಮೆದುರು ಕೂತಳು. ಬುಟ್ಟಿಯ ತುಂಬ ಕೆಂಪು ಬಾಳೆ. ಬಾಳೆಹಣ್ಣು ಕೆಂಪಗಿರುವುದನ್ನು ಹುಡುಗ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಮುಟ್ಟಲೋ ಬೇಡವೋ ಎಂದು ನನ್ನನ್ನು ನೋಡಿದ. ಆಕೆ ಕೇಳದೆಯೇ ಒಂದನ್ನು ಮುರಿದು ಅವನ ಕೈಗಿಟ್ಟಳು. ಸುಲಿದು, ಒಳಗೆ ಮಾಮೂಲು ಬಣ್ಣವೇ ಇರುವುದನ್ನು ಕಂಡು, ಡೈನೋಸಾರನ್ನು ಮರೆತ.

ಐದನೆಯ ದಿನ: ಮತ್ತೆ ಜಾತ್ರೆ

ಮರುದಿನ ಬೆಳಗ್ಗೆ ಅವರ ವಿಮಾನ. ಸಂಜೆ ಮೊಮ್ಮಗ ಜಾತ್ರೆಗೆ ಹೋಗೋಣವೆಂದ, ಅವ್ವನೂ ಬರಲಿ ಎಂದ. ಅವ್ವ ತಕರಾರು ಮಾಡದೆ ಇಳಕಲ್ ಸೀರೆ ಉಟ್ಟು ಹೊರಟು ನಿಂತಳು. ಕೈಯಲ್ಲಿ ಬಿಳಿ ಬಟ್ಟೆಯ ಗಂಟು. ರಾತ್ರಿ ತಡವಾದರೆ ಹುಡುಗನಿಗೆ ಹಸಿವಾಗುತ್ತದೆ, ಹೊರಗಿನ ಎಣ್ಣೆ ಒಳ್ಳೆಯದಲ್ಲ ಎಂದಳು. ಎಣ್ಣೆಯ ಮಾತು ಎಲ್ಲಿಂದ ಬಂತು ಎಂದು ನನಗೆ ತಿಳಿಯಿತು.

ರೈಲಿನ ಹುಡುಗನಿಗೆ ನಮ್ಮ ಗುರುತು ಹತ್ತಿತು. "ಬಂದೆಯಾ, ತಮ್ಮಾ? ಉಗಿ ತಂದೆಯಾ?" ಎಂದ. ಮೊಮ್ಮಗ ಗಂಭೀರವಾಗಿ, ಮುತ್ತಜ್ಜಿ ಇಂಜಿನ್ನಿನಲ್ಲಿ ಕೂರಬೇಕು ಎಂದ. ಇಂಜಿನ್ನಿನಲ್ಲಿ ಸೀಟು ಇರುವುದು ಒಂದೇ, ಅದೂ ಮಗು ಕೂರುವಷ್ಟು. ರೈಲಿನ ಹುಡುಗ ಅವ್ವನನ್ನು ಒಮ್ಮೆ, ಸೀಟನ್ನು ಒಮ್ಮೆ ನೋಡಿ, ತನ್ನ ಪ್ಲಾಸ್ಟಿಕ್ ಸ್ಟೂಲನ್ನು ಡ್ರಮ್ಮಿನ ಹಿಂದೆ ಹಗ್ಗದಿಂದ ಬಿಗಿದ. ಮಗಳೂ ನಾನೂ ಎರಡೂ ಕಡೆ ಹಿಡಿದು ಹತ್ತಿಸಿದೆವು. ನನ್ನ ಹೆಂಡತಿ, "ಬಿದ್ದರೆ ಯಾರು ನೋಡಿಕೊಳ್ಳುತ್ತಾರೆ?" ಎಂದು ಗೊಣಗುತ್ತಲೇ ಮೊಬೈಲಿನಲ್ಲಿ ಚಿತ್ರ ತೆಗೆದಳು.

ಲೋಭಾನ ಹಾಕುವ ಕೆಲಸವನ್ನು ಮೊಮ್ಮಗನಿಗೆ ಬಿಟ್ಟುಕೊಟ್ಟರು. ಗಾಡಿ ಎದುರು ಬಂದಾಗಲೆಲ್ಲ ಅವನು ಒಂದು ಚಿಟಿಕೆ ಕುಡಿಕೆಗೆ ಎಸೆದು ಸರಿಯುತ್ತಿದ್ದ. ಮೊದಲ ಸುತ್ತಿನಲ್ಲಿ ಅವ್ವ ಕಣ್ಣು ಮುಚ್ಚಿದ್ದಳು. ಎರಡನೆಯದರಲ್ಲಿ ತೆರೆದಿದ್ದಳು. ಮೂರನೆಯದರಲ್ಲಿ ಹಳಿಯ ಮುಂದಕ್ಕೆ ನೋಡುತ್ತಿದ್ದಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. ಐದು ಸುತ್ತು ಮುಗಿದರೂ ಹುಡುಗ ನಿಲ್ಲಿಸಲಿಲ್ಲ. ನಾನು ಎಣಿಸಿದಂತೆ ಒಂಬತ್ತು.

ಇಳಿದವಳೇ ಅವನ ಮುಂದೆ ನಿಂತಳು.

"ಗಾಡಿ ಚೆನ್ನಾಗಿದೆ. ಆದರೆ ನೀರು ಹಿಡಿಯಲಿಲ್ಲವಲ್ಲ?"

"ಇದಕ್ಕೆ ನೀರು ಬೇಡ, ಅವ್ವಾ."

"ನಿನ್ನ ಊಟ?"

"ಗಾಡಿ ಬಿಟ್ಟು ಹೋಗುವಂತಿಲ್ಲ. ರಾತ್ರಿ ಹನ್ನೊಂದಾಗುತ್ತದೆ."

ಅವ್ವ ಗಂಟನ್ನು ನಮ್ಮ ಯಾರ ಮುಖವನ್ನೂ ನೋಡದೆ ಅವನ ಕೈಗಿಟ್ಟಳು. ಅವನು ಬೇಡವೆಂದ, ಮತ್ತೆ ಬೇಡವೆಂದ, ಆಮೇಲೆ ತೆಗೆದುಕೊಂಡ. ಇಡಲು ಜಾಗ ಹುಡುಕಿದ. ಅಷ್ಟರಲ್ಲಿ ಮಕ್ಕಳು ಬೋಗಿಗಳಲ್ಲಿ ತುಂಬಿ ಕೂಗುತ್ತಿದ್ದರು. ಕೆಂಡದ ಕುಡಿಕೆಯಿಂದ ಬೆಚ್ಚಗಾಗಿದ್ದ ತಗಡಿನ ಮೇಲೆ, ಚಿಮಣಿಯ ಬುಡಕ್ಕೆ ಗಂಟನ್ನು ಒತ್ತಿಟ್ಟು ಸ್ವಿಚ್ ಹಾಕಿದ.

"ಖಡಕ್ ಆಗುತ್ತದೆ," ಎಂದ ಮೊಮ್ಮಗ.